ಆಸ್ಟ್ರೇಲಿಯಾದ ಮೂಲನಿವಾಸಿಗಳಿಗೆ ಕ್ಯಾನ್ಸರ್ ಚಿಕಿತ್ಸೆ ಏಕೆ ತಡವಾಗಿ ತಲುಪುತ್ತದೆ?

ಆಸ್ಟ್ರೇಲಿಯಾದ ನಟ್ಟನಡುವೆ ಆಲಿಸ್ ಸ್ಪ್ರಿಂಗ್ಸ್ ಎಂಬ ಊರಿದೆ. ಅಲ್ಲಿ ದೊಡ್ಡ ಆಸ್ಪತ್ರೆ ಇದೆ, ರೇಡಿಯೇಷನ್ ಕೊಡುವ ಯಂತ್ರ ಮಾತ್ರ ಇಲ್ಲ. ರೇಡಿಯೇಷನ್ ಬೇಕಾದವರು ಉತ್ತರಕ್ಕೆ ಡಾರ್ವಿನ್‌ಗೆ ಹೋಗಬೇಕು, ಇಲ್ಲವೇ ದಕ್ಷಿಣಕ್ಕೆ ಅಡಿಲೇಡ್‌ಗೆ. ಎರಡೂ ಸುಮಾರು 1500 ಕಿಲೋಮೀಟರ್ ದೂರ. ಬೆಂಗಳೂರಿನಿಂದ ಭೋಪಾಲ್‌ಗೆ ಹೋದ ಹಾಗೆ. ಡಾರ್ವಿನ್‌ನಲ್ಲಿ ಕೂಡ ಈ ಸೌಲಭ್ಯ ಬಂದದ್ದು 2010ರಲ್ಲಿ. ಅದಕ್ಕೂ ಮೊದಲು ಉತ್ತರದ ಆ ಇಡೀ ಸೀಮೆಯ ರೋಗಿಗಳು ಅಡಿಲೇಡ್‌ಗೇ ವಿಮಾನ ಹತ್ತಬೇಕಿತ್ತು.

ಕೆಲವು ಕ್ಯಾನ್ಸರ್‌ಗಳಿಗೆ ರೇಡಿಯೇಷನ್ ಅಂದರೆ ವಾರಕ್ಕೆ ಐದು ದಿನದಂತೆ ಆರೇಳು ವಾರ. ಆಲಿಸ್ ಸ್ಪ್ರಿಂಗ್ಸ್‌ನಿಂದಲೂ ಇನ್ನೂರು-ಮುನ್ನೂರು ಕಿಲೋಮೀಟರ್ ಆಚೆ, ಮರುಭೂಮಿಯ ಸಣ್ಣ ಹಳ್ಳಿಯಲ್ಲಿರುವ ಅಜ್ಜಿಯೊಬ್ಬರನ್ನು ಯೋಚಿಸಿ. ಅವರು ಮನೆಯಲ್ಲಿ ಆಡುವುದು ಇಂಗ್ಲಿಷ್ ಅಲ್ಲ. ಮೊಮ್ಮಕ್ಕಳನ್ನು ನೋಡಿಕೊಳ್ಳುವವರು ಅವರೇ. ಪ್ರಯಾಣದ ಖರ್ಚನ್ನು ಸರ್ಕಾರ ಕೊಡುತ್ತದೆ, ನಿಜ. ಆದರೆ ಜೊತೆಗೊಬ್ಬರು ಬರಬೇಕೆಂದರೆ ಅದಕ್ಕೆ ಬೇರೆ ಒಪ್ಪಿಗೆ ಬೇಕು. ಎರಡು ತಿಂಗಳು ಗುರುತಿಲ್ಲದ ಊರಿನ ಹಾಸ್ಟೆಲ್‌ನಲ್ಲಿ ಇರಬೇಕು. ಅಷ್ಟರಲ್ಲಿ ಊರಲ್ಲಿ ಹತ್ತಿರದವರು ಯಾರಾದರೂ ತೀರಿಕೊಂಡರೆ ಸಾವಿನ ಕಾರ್ಯಗಳಿಗೆ ಹೋಗಲೇಬೇಕು, ಅದು ತಪ್ಪಿಸಲಾಗದ ಕರ್ತವ್ಯ. ಅವರು ಚಿಕಿತ್ಸೆ ನಡುವಲ್ಲೇ ಬಿಟ್ಟು ಹೊರಟರೆ ಆಸ್ಪತ್ರೆಯ ಕಡತದಲ್ಲಿ ಏನು ಬರೆಯುತ್ತಾರೆ? ರೋಗಿ ಸಹಕರಿಸಲಿಲ್ಲ ಅಂತ.

ಮೂಲನಿವಾಸಿಗಳ ಕ್ಯಾನ್ಸರ್ ಬಗ್ಗೆ ಮಾತು ಬಂದಾಗಲೆಲ್ಲ ಇದೇ ಧಾಟಿ ಕೇಳಿಸುತ್ತದೆ. ಅವರು ತಡವಾಗಿ ಬರುತ್ತಾರೆ, ತಪಾಸಣೆ ಮಾಡಿಸಿಕೊಳ್ಳುವುದಿಲ್ಲ, ಅರ್ಧಕ್ಕೇ ಬಿಟ್ಟು ಹೋಗುತ್ತಾರೆ. ಈ ತಡ ಹುಟ್ಟುವುದು ಎಲ್ಲಿ ಎಂದು ಹುಡುಕುತ್ತಾ ಹೋದರೆ ಜಾಸ್ತಿ ಪಾಲು ವ್ಯವಸ್ಥೆಯಲ್ಲೇ ಸಿಗುತ್ತದೆ ಎನ್ನುವುದು ನನ್ನ ಅಭಿಪ್ರಾಯ. ಅಂದಮೇಲೆ ಸರಿಪಡಿಸಬೇಕಾದದ್ದೂ ಅದನ್ನೇ.

ಮೊದಲು ಪರಿಸ್ಥಿತಿ ಎಷ್ಟು ಗಂಭೀರ ಎಂದು ನೋಡೋಣ. ಮೂಲನಿವಾಸಿಗಳು, ಅಂದರೆ ಅಬೊರಿಜಿನಲ್ ಮತ್ತು ಟೊರೆಸ್ ಜಲಸಂಧಿ ದ್ವೀಪಗಳ ಜನ, ಆಸ್ಟ್ರೇಲಿಯಾದ ಜನಸಂಖ್ಯೆಯ ಸುಮಾರು ಶೇ 3.8ರಷ್ಟು. ಉಳಿದವರಿಗೆ ಹೋಲಿಸಿದರೆ ಇವರು ಕ್ಯಾನ್ಸರ್‌ನಿಂದ ಸಾಯುವ ಸಾಧ್ಯತೆ ಸುಮಾರು ಶೇ 40ರಷ್ಟು ಹೆಚ್ಚು. ಹಿಂದೆಲ್ಲ ಇವರಲ್ಲಿ ಹೃದ್ರೋಗವೇ ದೊಡ್ಡ ಕೊಲೆಗಾರನಾಗಿತ್ತು. ಈಗ ಆ ಜಾಗಕ್ಕೆ ಕ್ಯಾನ್ಸರ್ ಬಂದಿದೆ. ಇನ್ನೂ ಕಳವಳದ ಸಂಗತಿ ಅಂದರೆ, ಉಳಿದ ಆಸ್ಟ್ರೇಲಿಯನ್ನರಲ್ಲಿ ಕ್ಯಾನ್ಸರ್ ಸಾವಿನ ಪ್ರಮಾಣ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಬಂದಿದ್ದರೆ, ಇವರಲ್ಲಿ ಏರಿದೆ. ಅಂದರೆ ಹೊಸ ಔಷಧಿ, ಹೊಸ ಯಂತ್ರ ಎಲ್ಲವೂ ಬಂದ ಕಾಲದಲ್ಲೇ ಅಂತರ ದೊಡ್ಡದಾಗಿದೆ. ಕ್ಯಾನ್ಸರ್ ಫಲಿತಾಂಶದಲ್ಲಿ ಜಗತ್ತಿನ ಮೊದಲ ಸಾಲಿನಲ್ಲಿರುವ ದೇಶದ ಕಥೆ ಇದು.

ಏರಿಕೆಗೆ ಒಂದು ಕಾರಣ ತಂಬಾಕು. ಮೂಲನಿವಾಸಿಗಳಲ್ಲಿ ಅತಿ ಹೆಚ್ಚು ಕಾಣುವುದು ಶ್ವಾಸಕೋಶದ ಕ್ಯಾನ್ಸರ್. ಆದರೆ ಈ ತಂಬಾಕಿನ ಚಟಕ್ಕೂ ಒಂದು ಇತಿಹಾಸ ಇದೆ. ದನಕಾಯುವ ದೊಡ್ಡ ಜಮೀನುಗಳಲ್ಲಿ, ಕ್ರೈಸ್ತ ಮಿಷನ್‌ಗಳಲ್ಲಿ ದುಡಿದ ಮೂಲನಿವಾಸಿಗಳಿಗೆ ಕೂಲಿಯ ಬದಲು ಹಿಟ್ಟು, ಸಕ್ಕರೆ, ಚಹಾ ಜೊತೆಗೆ ತಂಬಾಕನ್ನು ರೇಷನ್ ಆಗಿ ಹಂಚುತ್ತಿದ್ದರು. ಇದು ಕಳೆದ ಶತಮಾನದ ಅರವತ್ತರ ದಶಕದವರೆಗೂ ಕೆಲವು ಕಡೆ ನಡೆಯಿತು. ಒಂದು ಇಡೀ ತಲೆಮಾರಿಗೆ ಚಟ ಹತ್ತಿಸಿದ್ದು ಕೂಲಿಯ ಲೆಕ್ಕದಲ್ಲಿ. ಈಗ ಧೂಮಪಾನ ಇಳಿಯುತ್ತಿದೆ. ದಿನವೂ ಸೇದುವ ವಯಸ್ಕರು 2004-05ರಲ್ಲಿ ಶೇ 50ರಷ್ಟಿದ್ದರು, 2018-19ರಲ್ಲಿ ಶೇ 40ರಷ್ಟಾದರು. ಇದು ಸಣ್ಣ ಸಾಧನೆ ಅಲ್ಲ. ಆದರೆ ಸಿಗರೇಟು ಸೇದಿದ್ದಕ್ಕೂ ಕ್ಯಾನ್ಸರ್ ಬರುವುದಕ್ಕೂ ನಡುವೆ ಎರಡು-ಮೂರು ದಶಕ ಹಿಡಿಯುತ್ತದೆ. ಇವತ್ತು ಕಾಣುತ್ತಿರುವ ಸಾವುಗಳು ಅಂದಿನ ಲೆಕ್ಕ.

ಇನ್ನೊಂದು ಕಾರಣ ಆಸ್ಪತ್ರೆಯ ಭಯ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರು ಒಮ್ಮೆ ಪಶ್ಚಿಮ ಆಸ್ಟ್ರೇಲಿಯಾದ ಬರ್ನಿಯರ್ ಮತ್ತು ಡೋರ್ ದ್ವೀಪಗಳ ಬಗ್ಗೆ ಓದಬೇಕು. 1908ರಿಂದ 1919ರವರೆಗೆ ಆ ಎರಡು ದ್ವೀಪಗಳಲ್ಲಿ ಸರ್ಕಾರ ‘ಆಸ್ಪತ್ರೆ’ ನಡೆಸಿತು. ಗುಹ್ಯರೋಗ ಇದೆ ಎಂಬ ಅನುಮಾನದ ಮೇಲೆ ಮೂಲನಿವಾಸಿ ಗಂಡಸರನ್ನೂ ಹೆಂಗಸರನ್ನೂ ಹಿಡಿದು, ಎಷ್ಟೋ ಸಲ ಸರಪಳಿ ಹಾಕಿ, ಅಲ್ಲಿಗೆ ಸಾಗಿಸಿದರು. ಎಷ್ಟೋ ಜನ ವಾಪಸ್ ಬರಲಿಲ್ಲ. ರಾಜ್ಯ ಸರ್ಕಾರ ಇದಕ್ಕೆ ಕ್ಷಮೆ ಕೇಳಿದ್ದು 2019ರಲ್ಲಿ. ಸರ್ಕಾರ ಮೂಲನಿವಾಸಿ ಮಕ್ಕಳನ್ನು ತಾಯಂದಿರಿಂದ ಕಿತ್ತುಕೊಂಡ ಕಾಲವೂ ಇತ್ತು. ಕೆಲವು ಮಕ್ಕಳನ್ನು ಹೆರಿಗೆ ಆಸ್ಪತ್ರೆಯಿಂದಲೇ ಒಯ್ದರು. ಅದಕ್ಕೆ ಪ್ರಧಾನಿ ಕೆವಿನ್ ರಡ್ 2008ರ ಫೆಬ್ರವರಿ 13ರಂದು ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಹಾಗೆ ಒಯ್ದ ಮಕ್ಕಳಲ್ಲಿ ಬದುಕಿರುವವರಿಗೆ ಈಗ ಕ್ಯಾನ್ಸರ್ ಬರುವ ವಯಸ್ಸು. ಬಿಳಿ ಕೋಟು ಹಾಕಿದವರ ಎದುರು ಅವರು ಸುಮ್ಮನೆ ಕೂತುಬಿಟ್ಟರೆ ಅದರಲ್ಲಿ ಆಶ್ಚರ್ಯ ಏನಿದೆ?

ಸರಿ, ಭಯ ಬಿಟ್ಟು ಬಂದರು ಅಂತಲೇ ಇಟ್ಟುಕೊಳ್ಳೋಣ. ಬಂದವರಿಗೆ ಸಮಾನ ಚಿಕಿತ್ಸೆ ಸಿಗುತ್ತದಾ? 2006ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಒಂದು ಅಧ್ಯಯನ ಬಂತು. ಸುಮಾರು 800 ಮೂಲನಿವಾಸಿ ರೋಗಿಗಳನ್ನು, ವಯಸ್ಸು, ಕ್ಯಾನ್ಸರ್ ಬಗೆಯಂಥ ವಿಷಯಗಳಲ್ಲಿ ಹೊಂದುವ ಅಷ್ಟೇ ಸಂಖ್ಯೆಯ ಇತರ ರೋಗಿಗಳ ಜೊತೆ ಹೋಲಿಸಿ ನೋಡಿದ್ದರು. ಮೂಲನಿವಾಸಿಗಳಲ್ಲಿ ಕ್ಯಾನ್ಸರ್ ಮುಂದುವರಿದ ಹಂತದಲ್ಲಿ ಪತ್ತೆಯಾಗಿತ್ತು, ಜೊತೆಗೆ ಸಕ್ಕರೆ ಕಾಯಿಲೆಯಂಥ ಬೇರೆ ತೊಂದರೆಗಳೂ ಜಾಸ್ತಿ ಇದ್ದವು. ಇಷ್ಟು ಎಲ್ಲರೂ ಊಹಿಸುವಂಥದ್ದೇ. ಆದರೆ ಅವರಿಗೆ ಶಸ್ತ್ರಚಿಕಿತ್ಸೆ, ಕೀಮೋ, ರೇಡಿಯೇಷನ್ ಸಿಗುವ ಸಾಧ್ಯತೆ ಕಡಿಮೆ ಇತ್ತು. ಶಸ್ತ್ರಚಿಕಿತ್ಸೆಗೆ ಜಾಸ್ತಿ ದಿನ ಕಾದಿದ್ದರು. ರೋಗದ ಹಂತ, ಬೇರೆ ಕಾಯಿಲೆ, ಸಿಕ್ಕ ಚಿಕಿತ್ಸೆ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಅವರು ಬದುಕುಳಿಯುವ ಸಾಧ್ಯತೆ ಕಡಿಮೆಯೇ ಇತ್ತು. ‘ತಡವಾಗಿ ಬಂದರು’ ಎಂಬ ಒಂದೇ ವಿವರಣೆ ಅಲ್ಲಿಗೆ ಸಾಲದಾಯಿತು.

ಹಾಗಾದರೆ ಕೆಲಸ ಮಾಡಿದ್ದು ಏನು? ಇಲ್ಲಿ ಸಮುದಾಯವೇ ನಡೆಸುವ ಕ್ಲಿನಿಕ್‌ಗಳ ಬಗ್ಗೆ ಹೇಳಬೇಕು. 1971ರಲ್ಲಿ ಸಿಡ್ನಿಯ ರೆಡ್‌ಫರ್ನ್‌ನಲ್ಲಿ ಮೊದಲ ಅಬೊರಿಜಿನಲ್ ವೈದ್ಯಕೀಯ ಸೇವಾ ಕೇಂದ್ರ ಶುರುವಾಯಿತು. ಆಸ್ಪತ್ರೆಗಳಲ್ಲಿ ಅವಮಾನ ಅನುಭವಿಸಿದವರು ತಾವೇ ಕಟ್ಟಿಕೊಂಡ ಕ್ಲಿನಿಕ್ ಅದು. ಈಗ ದೇಶದಲ್ಲಿ ಇಂಥ 140ಕ್ಕೂ ಹೆಚ್ಚು ಸಂಸ್ಥೆಗಳಿವೆ. ಇವುಗಳ ಆಡಳಿತ ಮಂಡಳಿಯನ್ನು ಆಯಾ ಊರಿನ ಮೂಲನಿವಾಸಿಗಳೇ ಆರಿಸುತ್ತಾರೆ. ಇವೆಲ್ಲವುಗಳ ರಾಷ್ಟ್ರೀಯ ಒಕ್ಕೂಟದ ಹೆಸರು ನಾಚೋ. ಇಲ್ಲಿನ ಆರೋಗ್ಯ ಕಾರ್ಯಕರ್ತೆ ಅದೇ ಊರಿನವಳು. ಯಾರ ಮನೆಯಲ್ಲಿ ಏನು ನಡೆದಿದೆ ಅಂತ ಅವಳಿಗೆ ಗೊತ್ತಿರುತ್ತದೆ. ಯಾರನ್ನು ಯಾವಾಗ ಮಾತಾಡಿಸಬೇಕು ಅನ್ನುವುದೂ ಗೊತ್ತಿರುತ್ತದೆ.

ಕರುಳಿನ ಕ್ಯಾನ್ಸರ್ ತಪಾಸಣೆಯನ್ನೇ ನೋಡಿ. ಸರ್ಕಾರ ನಿಗದಿತ ವಯಸ್ಸಿನವರ ಮನೆಗೆ ಅಂಚೆಯಲ್ಲಿ ಒಂದು ಕಿಟ್ ಕಳಿಸುತ್ತದೆ. ಮಲದ ಮಾದರಿ ತೆಗೆದು ವಾಪಸ್ ಅಂಚೆಗೆ ಹಾಕಬೇಕು. ನಗರದವರಿಗೆ ಸುಲಭ. ಆದರೆ ದೂರದ ಹಳ್ಳಿಯಲ್ಲಿ ಒಂದೇ ಮನೆಯಲ್ಲಿ ಹತ್ತು ಜನ ಇರುತ್ತಾರೆ, ವಿಳಾಸ ಬದಲಾಗುತ್ತಿರುತ್ತದೆ, ಅಂಚೆ ವಾರಕ್ಕೊಮ್ಮೆ ಬಂದರೆ ಹೆಚ್ಚು. ಬೇಸಿಗೆಯಲ್ಲಿ ಬಿಸಿಲಿಗೆ ಮಾದರಿಯೇ ಕೆಡುತ್ತದೆ. ಹಾಗಾಗಿ ಅತಿ ಬಿಸಿಯ ಪ್ರದೇಶಗಳಿಗೆ ಆ ತಿಂಗಳುಗಳಲ್ಲಿ ಕಿಟ್ ಕಳಿಸುವುದನ್ನೇ ನಿಲ್ಲಿಸುತ್ತಾರೆ. ಇದೆಲ್ಲ ಗೊತ್ತಿದ್ದೂ ವರ್ಷಗಟ್ಟಲೆ ‘ಮೂಲನಿವಾಸಿಗಳು ಕಿಟ್ ವಾಪಸ್ ಕಳಿಸುವುದಿಲ್ಲ’ ಎಂದು ವರದಿಗಳು ಬರುತ್ತಿದ್ದವು! ಕೊನೆಗೆ ಒಂದು ಪ್ರಯೋಗ ಮಾಡಿದರು. ಕ್ಲಿನಿಕ್‌ಗೆ ಬೇರೆ ಯಾವುದೋ ಕೆಲಸಕ್ಕೆ ಬಂದವರ ಕೈಗೆ ಆರೋಗ್ಯ ಕಾರ್ಯಕರ್ತರೇ ಕಿಟ್ ಕೊಟ್ಟು, ಹೇಗೆ ಮಾಡಬೇಕು, ಏಕೆ ಮಾಡಬೇಕು ಅಂತ ಎದುರಿಗೆ ಕೂತು ಹೇಳಿದರು. ತಪಾಸಣೆ ಮಾಡಿಸಿಕೊಂಡವರ ಸಂಖ್ಯೆ ಏರಿತು. ಈಗ ದೇಶದಾದ್ಯಂತ ಡಾಕ್ಟರ್‌ಗಳು ಹೀಗೆ ಕೈಗೆ ಕಿಟ್ ಕೊಡಬಹುದು. ಕಿಟ್ ಹಳೆಯದೇ. ಕೊಡುವ ಕೈ ಬದಲಾಯಿತು, ಅಷ್ಟೇ.

ಗರ್ಭಕಂಠದ ಕ್ಯಾನ್ಸರ್ ವಿಷಯದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಮೂಲನಿವಾಸಿ ಹೆಂಗಸರಿಗೆ ಈ ಕ್ಯಾನ್ಸರ್ ಬರುವ ಪ್ರಮಾಣ ಇತರರಿಗಿಂತ ಎರಡು ಪಟ್ಟಿಗೂ ಹೆಚ್ಚು, ಸಾವು ಮೂರು ಪಟ್ಟಿಗೂ ಹೆಚ್ಚು. ತಡೆಯಬಹುದಾದ ಕ್ಯಾನ್ಸರ್ ಇದು ಎನ್ನುವುದನ್ನು ಮರೆಯಬಾರದು. ಈ ಕ್ಯಾನ್ಸರ್ ತರುವ ವೈರಸ್ ಎಚ್‌ಪಿವಿ. ಅದರ ಲಸಿಕೆಯ ಹಿಂದಿನ ಮುಖ್ಯ ಸಂಶೋಧನೆ ನಡೆದದ್ದೇ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ. 2007ರಲ್ಲೇ ಆಸ್ಟ್ರೇಲಿಯಾದ ಶಾಲೆಗಳಲ್ಲಿ ಹುಡುಗಿಯರಿಗೆ ಲಸಿಕೆ ಶುರುವಾಯಿತು. 2035ರ ಹೊತ್ತಿಗೆ ಈ ಕ್ಯಾನ್ಸರನ್ನೇ ನಿರ್ಮೂಲ ಮಾಡುವುದು ದೇಶದ ಗುರಿ. ಆದರೆ ಮೂಲನಿವಾಸಿ ಹುಡುಗಿಯರು ಮೊದಲ ಡೋಸ್ ತೆಗೆದುಕೊಂಡರೂ ಎಷ್ಟೋ ಜನ ಎಲ್ಲ ಡೋಸ್ ಮುಗಿಸುತ್ತಿರಲಿಲ್ಲ. ಎರಡನೆಯ ಸಲ ನರ್ಸ್ ಬಂದ ದಿನ ಶಾಲೆಗೆ ಬರದಿದ್ದರೆ ಅಲ್ಲಿಗೆ ಮುಗಿಯಿತು. 2023ರಿಂದ ಒಂದೇ ಡೋಸ್ ಸಾಕು ಎಂದಾಯಿತು. ಆ ಸಮಸ್ಯೆ ಬಹುಪಾಲು ತಾನಾಗಿಯೇ ಕರಗಿತು. ಬುದ್ಧಿ ಹೇಳುವುದಕ್ಕಿಂತ ದಾರಿ ಗಿಡ್ಡ ಮಾಡುವುದು ಎಷ್ಟು ಕೆಲಸ ಮಾಡುತ್ತದೆ, ಅಲ್ವಾ?

ತಪಾಸಣೆಯದ್ದೂ ಹಾಗೇ. ಗುರುತಿಲ್ಲದ ಡಾಕ್ಟರ್ ಎದುರು ಬಟ್ಟೆ ಸರಿಸಿ ಮಲಗುವುದು ಯಾವ ಹೆಂಗಸಿಗೂ ಹಿತವಲ್ಲ. ಹೆಂಗಸರ ವಿಷಯವನ್ನು ಗಂಡಸರ ಎದುರು ಎತ್ತಲೇಬಾರದು ಎಂಬ ಕಟ್ಟುನಿಟ್ಟಿನ ಸಮುದಾಯದಲ್ಲಿ, ಇರುವ ಒಬ್ಬನೇ ಡಾಕ್ಟರ್ ಗಂಡಸಾಗಿದ್ದರೆ ಆಕೆ ಬರುವುದೇ ಇಲ್ಲ. 2017ರ ಡಿಸೆಂಬರ್‌ನಲ್ಲಿ ಹಳೆಯ ಪ್ಯಾಪ್ ಪರೀಕ್ಷೆಯ ಬದಲು ಎಚ್‌ಪಿವಿ ಪರೀಕ್ಷೆ ಬಂತು. 2022ರ ಜುಲೈ 1ರಿಂದ 25ರಿಂದ 74 ವರ್ಷದ ಯಾವ ಹೆಂಗಸು ಬೇಕಾದರೂ ಮಾದರಿಯನ್ನು ತಾನೇ ತೆಗೆದುಕೊಡಬಹುದು ಎಂದಾಯಿತು. ಪರದೆಯ ಹಿಂದೆ ಹೋಗಿ, ಹತ್ತಿ ಸುತ್ತಿದ ಕಡ್ಡಿಯಿಂದ ಮಾದರಿ ತೆಗೆದು ನರ್ಸ್ ಕೈಗೆ ಕೊಟ್ಟರೆ ಆಯಿತು. ಈಗ ದೇಶದಲ್ಲಿ ನಡೆಯುವ ಇಂಥ ಪರೀಕ್ಷೆಗಳಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಹೀಗೇ ನಡೆಯುತ್ತಿವೆ.

ವಿಕ್ಟೋರಿಯಾ ರಾಜ್ಯದಲ್ಲಿ ಸ್ತನ ತಪಾಸಣೆಗೆ ಬಂದವರಿಗೆ ಹೊದೆಯಲು ಶಾಲು ಕೊಡುವ ಯೋಜನೆ ಇದೆ. 2018ರಲ್ಲಿ ಮೂಲನಿವಾಸಿ ಸಂಸ್ಥೆಗಳ ಜೊತೆ ಸೇರಿ ಶುರು ಮಾಡಿದ್ದು. ಆಸ್ಪತ್ರೆಯ ಗೌನ್ ಬದಲು ಮೂಲನಿವಾಸಿ ಕಲಾವಿದೆಯರ ಚಿತ್ರವಿರುವ ಶಾಲು. ಮ್ಯಾಮೊಗ್ರಾಮ್ ಮುಗಿದ ಮೇಲೆ ಅದನ್ನು ಮನೆಗೆ ಒಯ್ಯಬಹುದು. ಹೆಂಗಸರು ಗುಂಪಾಗಿ, ಅಕ್ಕತಂಗಿಯರ ಜೊತೆ ಬರಬಹುದು. ಕೋಟಿಗಟ್ಟಲೆ ಬೆಲೆಯ ಯಂತ್ರದ ಹತ್ತಿರ ಜನರನ್ನು ತಂದದ್ದು ಒಂದು ಶಾಲು. ಇದನ್ನು ಅಲಂಕಾರದ ಯೋಜನೆ ಎಂದು ಅಂದುಕೊಳ್ಳುವವರಿಗೆ ನಾನು ಒಪ್ಪುವುದಿಲ್ಲ. ಮರ್ಯಾದೆ ಉಳಿಯುತ್ತದೆ ಎಂಬ ನಂಬಿಕೆ ಬಂದರೆ ಮಾತ್ರ ಜನ ಎರಡನೆಯ ಸಲ ಬರುತ್ತಾರೆ.

ಇಲ್ಲಿ ಲೆಕ್ಕದ ಪ್ರಶ್ನೆಯೂ ಇದೆ. ಗರ್ಭಕಂಠ ತಪಾಸಣೆಯ ಲ್ಯಾಬ್ ಫಾರಂನಲ್ಲಿ ‘ನೀವು ಮೂಲನಿವಾಸಿಯೇ’ ಎಂಬ ಪ್ರಶ್ನೆ ಬಹುಕಾಲ ಇರಲೇ ಇಲ್ಲ. ಹಾಗಾಗಿ ದಶಕಗಳ ಕಾಲ ಎಷ್ಟು ಮೂಲನಿವಾಸಿ ಹೆಂಗಸರು ತಪಾಸಣೆ ಮಾಡಿಸಿಕೊಂಡಿದ್ದಾರೆ ಎಂಬ ರಾಷ್ಟ್ರೀಯ ಲೆಕ್ಕವೇ ಸಿಗುತ್ತಿರಲಿಲ್ಲ. ಟೊರೆಸ್ ಜಲಸಂಧಿ ಮೂಲದ ಸಂಶೋಧಕಿ ಲೀಸಾ ವಾಪ್ ಮತ್ತು ಅವರ ತಂಡ ಕ್ವೀನ್ಸ್‌ಲ್ಯಾಂಡ್‌ನ ತಪಾಸಣಾ ದಾಖಲೆಗಳನ್ನು ಆಸ್ಪತ್ರೆ ದಾಖಲೆಗಳ ಜೊತೆ ಜೋಡಿಸಿ ನೋಡಿದರು. ಮೂಲನಿವಾಸಿ ಹೆಂಗಸರ ಭಾಗವಹಿಸುವಿಕೆ ಇತರರಿಗಿಂತ ಕನಿಷ್ಠ 20 ಶೇಕಡಾ ಅಂಶದಷ್ಟು ಕಡಿಮೆ ಇತ್ತು. ಲೆಕ್ಕಕ್ಕೇ ಸಿಗದ ಸಾವಿಗೆ ಯಾರೂ ಬಜೆಟ್ ಕೊಡುವುದಿಲ್ಲ.

ಸಮುದಾಯದ ಕ್ಲಿನಿಕ್ ಎಷ್ಟೇ ಒಳ್ಳೆಯದಾದರೂ ಅಲ್ಲಿ ಶಸ್ತ್ರಚಿಕಿತ್ಸೆ ಆಗುವುದಿಲ್ಲ, ರೇಡಿಯೇಷನ್ ಸಿಗುವುದಿಲ್ಲ. ಒಂದಲ್ಲ ಒಂದು ದಿನ ರೋಗಿಯನ್ನು ನಗರದ ದೊಡ್ಡ ಆಸ್ಪತ್ರೆಗೆ ಕಳಿಸಲೇಬೇಕು. ಕ್ಲಿನಿಕ್ ಮತ್ತು ಆಸ್ಪತ್ರೆಯ ನಡುವಿನ ಈ ಹಾದಿಯಲ್ಲೇ ಜನ ಕಳೆದುಹೋಗುತ್ತಾರೆ. ಮೂಲನಿವಾಸಿ ಕ್ಯಾನ್ಸರ್ ರೋಗಿಗಳಿಗಾಗಿಯೇ ಒಂದು ರಾಷ್ಟ್ರೀಯ ಚಿಕಿತ್ಸಾ ಮಾರ್ಗಸೂಚಿ 2018ರಲ್ಲಿ ಬಂತು. ಅದರಲ್ಲಿರುವುದು ಸರಳ ಸಂಗತಿಗಳು. ರೋಗಿಯ ಮನೆಯವರನ್ನು ಮಾತುಕತೆಯಲ್ಲಿ ಸೇರಿಸಿ, ದುಭಾಷಿಯನ್ನು ಕರೆಸಿ, ಮೂಲನಿವಾಸಿ ಸಂಪರ್ಕ ಅಧಿಕಾರಿಯನ್ನು ಮೊದಲ ದಿನವೇ ಪರಿಚಯಿಸಿ, ಊರಿನ ಕ್ಲಿನಿಕ್‌ಗೆ ಎಲ್ಲವನ್ನೂ ತಿಳಿಸಿ. ಕಾಮಿಲರಾಯ್ ಎಂಬ ಮೂಲನಿವಾಸಿ ಸಮುದಾಯದ ಪ್ರೊಫೆಸರ್ ಗೇಲ್ ಗಾರ್ವಿ ಮತ್ತು ಅವರ ಜೊತೆಗಾರರು ಮೂಲನಿವಾಸಿ ರೋಗಿಗಳಿಗೆ ಏನೇನು ನೆರವು ಬೇಕು ಎಂದು ಕೇಳಿ ತಿಳಿಯುವ ಪ್ರಶ್ನಾವಳಿಯೊಂದನ್ನು ರೂಪಿಸಿದ್ದಾರೆ. ನೋವು, ಭಯದ ಜೊತೆಗೆ ಹಣ, ಓಡಾಟ, ಉಳಿಯುವ ಜಾಗ, ಸಂಪ್ರದಾಯ ಇವನ್ನೂ ಅದು ಕೇಳುತ್ತದೆ. ಇದನ್ನು ಪ್ರತಿ ಆಸ್ಪತ್ರೆಯೂ ಬಳಸಬೇಕು ಎನ್ನುವುದು ನನ್ನ ಬಲವಾದ ನಂಬಿಕೆ. ಉಳಿಯಲು ಜಾಗ ಇಲ್ಲ ಎಂಬ ಕಾರಣಕ್ಕೆ ಕೀಮೋ ತಪ್ಪಿಸಿಕೊಂಡವರನ್ನು ಯಾವ ರಕ್ತಪರೀಕ್ಷೆಯೂ ಪತ್ತೆ ಮಾಡುವುದಿಲ್ಲ.

ಇದು ಕನ್ನಡಿಗರಿಗೂ ತಟ್ಟುವ ವಿಷಯ. ಆಸ್ಟ್ರೇಲಿಯಾದಲ್ಲಿ ಹೊರದೇಶದಲ್ಲಿ ಓದಿ ಬಂದ ಡಾಕ್ಟರ್‌ಗಳು ಸಾಮಾನ್ಯವಾಗಿ ಹತ್ತು ವರ್ಷ ವೈದ್ಯರ ಕೊರತೆ ಇರುವ ಪ್ರದೇಶಗಳಲ್ಲೇ ಕೆಲಸ ಮಾಡಬೇಕು, ಇಲ್ಲದಿದ್ದರೆ ಮೆಡಿಕೇರ್ (ಸರ್ಕಾರದ ಆರೋಗ್ಯ ವಿಮೆ) ಹಣ ಸಿಗುವುದಿಲ್ಲ. ಅವರಲ್ಲಿ ಭಾರತೀಯರು ತುಂಬಾ ಜನ, ಕನ್ನಡಿಗರೂ ಇದ್ದಾರೆ. ಆ ಊರುಗಳಲ್ಲಿ ಮೂಲನಿವಾಸಿಗಳ ಪ್ರಮಾಣವೂ ಹೆಚ್ಚು. ನಮ್ಮವರು ಒಂದು ವಿಷಯ ಗಮನಿಸಬೇಕು. ಮೂಲನಿವಾಸಿ ರೋಗಿ ಡಾಕ್ಟರ್ ಹೇಳಿದ್ದಕ್ಕೆಲ್ಲ ‘ಹೌದು’ ಅಂದರೆ ಅದು ಎಷ್ಟೋ ಸಲ ಗೌರವದ ಹೌದು, ಒಪ್ಪಿಗೆಯದ್ದಲ್ಲ. ನಮ್ಮ ಹಳ್ಳಿಯ ಹಿರಿಯರೂ ಡಾಕ್ಟರ್ ಎದುರು ಹೀಗೇ ತಲೆಯಾಡಿಸುತ್ತಾರೆ. ಹಾಗಾಗಿ ‘ಅರ್ಥ ಆಯ್ತಾ’ ಅಂತ ಕೇಳುವುದಕ್ಕಿಂತ, ಈಗ ಏನು ಮಾಡೋಣ ಅಂದುಕೊಂಡೆವು ಎಂದು ಅವರ ಬಾಯಲ್ಲೇ ಕೇಳಿಸಿಕೊಳ್ಳುವುದು ಒಳ್ಳೆಯದು. ದುಭಾಷಿ ಸಿಗುವವರೆಗೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಬಾರದು.

ಚಿಕಿತ್ಸೆಯನ್ನೇ ಊರಿನ ಹತ್ತಿರಕ್ಕೆ ಒಯ್ಯಲು ಆಗುವುದಿಲ್ಲವೇ? ಎಷ್ಟೋ ಮಟ್ಟಿಗೆ ಆಗುತ್ತದೆ. ಕ್ವೀನ್ಸ್‌ಲ್ಯಾಂಡ್‌ನ ಟೌನ್ಸ್‌ವಿಲ್‌ನಿಂದ ಮೌಂಟ್ ಐಸಾ ಸುಮಾರು 900 ಕಿಲೋಮೀಟರ್. 2007ರಿಂದ ಟೌನ್ಸ್‌ವಿಲ್‌ನ ಕ್ಯಾನ್ಸರ್ ತಜ್ಞರು ವಿಡಿಯೊ ಮೂಲಕ ಮೌಂಟ್ ಐಸಾದ ರೋಗಿಗಳನ್ನು ನೋಡುತ್ತಿದ್ದಾರೆ. ಅಲ್ಲಿನ ನರ್ಸ್‌ಗಳಿಗೆ ತರಬೇತಿ ಕೊಟ್ಟು ಕೀಮೋವನ್ನು ಅಲ್ಲೇ ಕೊಡಿಸುತ್ತಾರೆ. ಮನೆಯವರೆಲ್ಲ ಕ್ಯಾಮೆರಾ ಮುಂದೆ ಕೂರಬಹುದು, ಆರೋಗ್ಯ ಕಾರ್ಯಕರ್ತೆ ಪಕ್ಕದಲ್ಲೇ ಇರುತ್ತಾಳೆ. ಕಿಡ್ನಿ ರೋಗದಲ್ಲೂ ಇಂಥ ಉದಾಹರಣೆ ಇದೆ. ಡಯಾಲಿಸಿಸ್‌ಗಾಗಿ ಊರು ಬಿಟ್ಟು ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಕೊರಗುತ್ತಿದ್ದ ಹಿರಿಯರನ್ನು ವಾಪಸ್ ಕರೆತರಲು ಪಶ್ಚಿಮ ಮರುಭೂಮಿಯ ಕಲಾವಿದರು 2000ದಲ್ಲಿ ತಮ್ಮ ಚಿತ್ರಗಳನ್ನು ಹರಾಜು ಹಾಕಿ ಹತ್ತು ಲಕ್ಷ ಡಾಲರ್‌ಗೂ ಹೆಚ್ಚು ಸೇರಿಸಿದರು. ಅದರಿಂದ ಹುಟ್ಟಿದ ‘ಪರ್ಪಲ್ ಹೌಸ್’ ಸಂಸ್ಥೆ ಇವತ್ತು ದೂರದ ಹಳ್ಳಿಗಳಲ್ಲಿ ಡಯಾಲಿಸಿಸ್ ನಡೆಸುತ್ತಿದೆ. ಅಸಾಧ್ಯ ಅಂತ ಅಧಿಕಾರಿಗಳು ಅಂದುಕೊಂಡಿದ್ದನ್ನು ಜನ ಮಾಡಿ ತೋರಿಸಿದರು. ಕ್ಯಾನ್ಸರ್‌ನ ಕೊನೆಯ ಹಂತದ ಆರೈಕೆಗೂ ಇದೇ ಹಟ ಬೇಕು. ಸಾಯುವಾಗ ತನ್ನ ನೆಲದಲ್ಲೇ ಇರಬೇಕು ಎನ್ನುವುದು ಈ ಜನರಿಗೆ ಸಣ್ಣ ಆಸೆ ಅಲ್ಲ.

2023ರಲ್ಲಿ ಎರಡು ಯೋಜನೆಗಳು ಬಂದವು. ಒಂದು, ಹತ್ತು ವರ್ಷಗಳ ರಾಷ್ಟ್ರೀಯ ಕ್ಯಾನ್ಸರ್ ಯೋಜನೆ. ಮೂಲನಿವಾಸಿಗಳಿಗೆ ಸಮಾನ ಫಲಿತಾಂಶ ಸಿಗಬೇಕು ಎನ್ನುವುದು ಅದರ ಆರು ಗುರಿಗಳಲ್ಲಿ ಒಂದು. ಇನ್ನೊಂದು, ನಾಚೋ ತಾನೇ ಸಿದ್ಧಪಡಿಸಿದ ಮೂಲನಿವಾಸಿಗಳ ಕ್ಯಾನ್ಸರ್ ಯೋಜನೆ. ಅದೇ ವರ್ಷದ ಬಜೆಟ್‌ನಲ್ಲಿ ಸಮುದಾಯದ ಕ್ಲಿನಿಕ್‌ಗಳ ಕ್ಯಾನ್ಸರ್ ಕೆಲಸಕ್ಕೆ 23.85 ಕೋಟಿ ಆಸ್ಟ್ರೇಲಿಯನ್ ಡಾಲರ್ ಕೊಟ್ಟರು. ಒಳ್ಳೆಯ ಮೊತ್ತವೇ. ಆದರೆ ಅದು ನಾಲ್ಕು ವರ್ಷಕ್ಕೆ. ಯೋಜನೆ ಹತ್ತು ವರ್ಷದ್ದು, ಹಣ 2027ರ ಜೂನ್‌ವರೆಗೆ. ಒಬ್ಬ ಆರೋಗ್ಯ ಕಾರ್ಯಕರ್ತೆಗೆ ತರಬೇತಿ ಕೊಟ್ಟು, ಅವಳು ಜನರ ನಂಬಿಕೆ ಗಳಿಸುವ ಹೊತ್ತಿಗೆ ಗುತ್ತಿಗೆ ಮುಗಿದರೆ, ಮುರಿದ ಆ ನಂಬಿಕೆಯನ್ನು ಮತ್ತೆ ಕಟ್ಟುವುದು ಇನ್ನೂ ಕಷ್ಟ.

ಇದರ ನಡುವೆ 2025ರ ಜುಲೈ 1ರಿಂದ ಶ್ವಾಸಕೋಶದ ಕ್ಯಾನ್ಸರ್ ತಪಾಸಣೆ ದೇಶದಾದ್ಯಂತ ಶುರುವಾಗಿದೆ. ವಯಸ್ಸು 50ರಿಂದ 70, ದಿನಕ್ಕೊಂದು ಪ್ಯಾಕ್‌ನಂತೆ 30 ವರ್ಷ ಸೇದಿದ ಲೆಕ್ಕದವರು, ಈಗಲೂ ಸೇದುವವರು ಅಥವಾ ಕಳೆದ ಹತ್ತು ವರ್ಷದಲ್ಲಿ ಬಿಟ್ಟವರಿಗೆ ಎರಡು ವರ್ಷಕ್ಕೊಮ್ಮೆ ಉಚಿತವಾಗಿ ಕಡಿಮೆ ವಿಕಿರಣದ ಸಿಟಿ ಸ್ಕ್ಯಾನ್. ದೂರದ ಊರುಗಳಿಗೆ ಸ್ಕ್ಯಾನ್ ಯಂತ್ರ ಹೊತ್ತ ಟ್ರಕ್ ಕಳಿಸುವ ಹೊಣೆ ‘ಹಾರ್ಟ್ ಆಫ್ ಆಸ್ಟ್ರೇಲಿಯಾ’ ಸಂಸ್ಥೆಯದ್ದು. ಕ್ವೀನ್ಸ್‌ಲ್ಯಾಂಡ್‌ನ ಒಳನಾಡಿನಲ್ಲಿ 2014ರಿಂದ ಹೃದಯ ತಜ್ಞರನ್ನು ಟ್ರಕ್‌ನಲ್ಲಿ ಹಳ್ಳಿಗೆ ಕರೆದೊಯ್ಯುತ್ತಾ ಬಂದ ಸಂಸ್ಥೆ ಅದು. ಎಷ್ಟು ಜನ ಟ್ರಕ್ ಹತ್ತಿದರು ಎಂಬ ಸಂಖ್ಯೆ ಬೇಗನೇ ಸಿಗುತ್ತದೆ, ಪತ್ರಿಕೆಗಳಲ್ಲೂ ಬರುತ್ತದೆ. ನೋಡಬೇಕಾದದ್ದು ಅದರ ಮುಂದಿನ ಲೆಕ್ಕ. ಸ್ಕ್ಯಾನ್‌ನಲ್ಲಿ ಗಂಟು ಕಂಡ ಮೂಲನಿವಾಸಿಗಳಲ್ಲಿ ಎಷ್ಟು ಜನರಿಗೆ ಬಯಾಪ್ಸಿ ಆಯಿತು, ಎಷ್ಟು ಜನರಿಗೆ ಶಸ್ತ್ರಚಿಕಿತ್ಸೆ ಸಿಕ್ಕಿತು, ಎಷ್ಟು ದಿನ ಕಾದರು, ಜೊತೆಗೆ ಯಾರು ಹೋದರು? ಈ ಅಂಕಿಗಳನ್ನು ಬೇರೆಯಾಗಿ, ಪ್ರತಿ ವರ್ಷ, ಸಮುದಾಯದ ಕ್ಲಿನಿಕ್‌ಗಳ ಕೈಗೆ ಕೊಡಬೇಕು. ಎಲ್ಲಿ ತಡವಾಯಿತು ಎಂದು ಮೊದಲು ಗುರುತಿಸುವವರೂ, ಆ ರೋಗಿಗೆ ಫೋನ್ ಮಾಡುವವರೂ ಅವರೇ.